ಗೋಡೆಯೇರಿದ ಪ್ರೊಫೆಸರು

ನೌಪಾಡಾದ ಹಳೆಯ ಕಟ್ಟಡ ಕೆಡವಿ ಹೊಸದಾಗಿ ಕಟ್ಟುವ ರೀಡೆವಲಪ್‌ಮೆಂಟಿಗೆ ಹೋದದ್ದರಿಂದ ಜಯಶೀಲ ಶೆಟ್ಟರ ಸಂಸಾರ ಕಾಮೋಠೆಯ ಸಣ್ಣ ಬಾಡಿಗೆ ಮನೆಗೆ ಬಂತು. ಬಂದ ಮರುದಿನವೇ ಅವರ ಹೆಂಡತಿ ಪ್ರಫುಲ್ಲಾ ತೀರ್ಪು ಕೊಟ್ಟರು: ಈ ಮನೆಯಲ್ಲಿ ಒಂದೋ ಮನುಷ್ಯರು ಇರಬೇಕು, ಇಲ್ಲವೇ ಆ ರೆಕಾರ್ಡುಗಳ ಪೆಟ್ಟಿಗೆ.

ಶೆಟ್ಟರು ಪೆಟ್ಟಿಗೆಯನ್ನು ತಮ್ಮತ್ತ ಎಳೆದುಕೊಂಡರು. ತುರ್ಭೆಯ ಕಾರ್ಖಾನೆಯಲ್ಲಿ ಕ್ಯಾಂಟೀನು ನಡೆಸಿ ಬಾಳಿದ ಅವರು ಹರೆಯದಲ್ಲಿ ಹೊಟ್ಟೆ ಕಟ್ಟಿ ಕೊಂಡಿದ್ದ ಅಮೆರಿಕದ ರಾಕ್ ಸಂಗೀತದ ರೆಕಾರ್ಡುಗಳು ಅವು. ಮನೆಯಲ್ಲಿ ಯಾರೂ ಜೊತೆಗೆ ಕೂತು ಕೇಳಿದವರಲ್ಲ. ಒಬ್ಬರೇ ಹಾಕಿ ಒಬ್ಬರೇ ತಲೆದೂಗುವುದು ಅಭ್ಯಾಸವಾಗಿತ್ತು, ಬೇಸರ ಮಾತ್ರ ಹೋಗಿರಲಿಲ್ಲ.

"ನಾಳೆ ಭಂಗಾರ್‌ವಾಲ ಬರ್ತಾನೆ," ಅಂದರು ಪ್ರಫುಲ್ಲಾ.

"ಅದು ಗುಜರಿ ಸಾಮಾನಲ್ಲ ಮಾರಾಯ್ತಿ. ಒಬ್ಬ ಗುರುಗಳ ಶಿಷ್ಯರು ಹಾಡಿದ್ದು," ಎಂದು ಶೆಟ್ಟರು ಒಂದು ರೆಕಾರ್ಡಿನ ಕವರು ಎತ್ತಿ ತೋರಿಸಿದರು. ಬಿಳಿ ಕೂದಲು, ಬಿಳಿ ಜುಬ್ಬಾ, ಕೊರಳಲ್ಲಿ ಮಣಿಸರ. ಅಮೆರಿಕದ ಒಬ್ಬ ಪ್ರೊಫೆಸರು ಅದರಲ್ಲಿ ನಗುತ್ತಿದ್ದ.

"ಎಂತ ಕಲಿಸಿದ್ದು ಇವರು?"

"ಹೊರಗಿನದ್ದು ಬಿಟ್ಟು ಒಳಗೆ ನೋಡಿ ಅಂತ. ಅದಕ್ಕೆ ಕಾಲೇಜಿನ ಕೆಲಸ ಹೋಯ್ತು, ಜೈಲಿಗೂ ಹಾಕಿದ್ರು. ಇವರ ಮಾತು ಕೇಳಿದ ಮೇಲೆ ಗಿಟಾರಿನವರೆಲ್ಲ ಮೂರು ನಿಮಿಷದ ಪ್ರೇಮಗೀತೆ ಬಿಟ್ಟು, ಕಣ್ಣು ಮುಚ್ಚಿ ಗಂಟೆಗಟ್ಟಲೆ ನುಡಿಸ್ಲಿಕ್ಕೆ ಶುರು ಮಾಡಿದ್ರು. ಕೆಲವರು ಸಿತಾರ್ ಕೂಡ ಕಲಿತ್ರು."

(ಒಳಗೆ ನೋಡುವ ಮೊದಲು ನಾಲಿಗೆಯ ಮೇಲೆ ಇಟ್ಟುಕೊಳ್ಳಿ ಎಂದು ಪ್ರೊಫೆಸರು ಹೇಳುತ್ತಿದ್ದ ಮಾದಕ ವಸ್ತುವಿನ ಪ್ರಸ್ತಾಪವನ್ನು ಶೆಟ್ಟರು ಸಮಯದ ಅಭಾವದಿಂದ ಕೈಬಿಟ್ಟರು.)

ಮರುದಿನ ಭಂಗಾರ್‌ವಾಲ ಬರಿಗೈಯಲ್ಲಿ ಹೋದ. ಕವರಿನ ಪ್ರೊಫೆಸರು ಪ್ರಫುಲ್ಲಾ ಹಾಕಿದ ಸೇವಂತಿಗೆ ಮಾಲೆ ಧರಿಸಿ ದೇವರ ಮಂಟಪದ ಪಕ್ಕದ ಗೋಡೆಯೇರಿದ್ದ. ಶೆಟ್ಟರು ಗೆದ್ದೆನೆಂದುಕೊಂಡರು. ಸಂಜೆ ಎಂದಿನಂತೆ ಕಪಾಟಿನಿಂದ ಬಾಟಲಿ ತೆಗೆದಾಗ ಪ್ರಫುಲ್ಲಾ ಮೆಲ್ಲಗೆ, "ಗುರುಗಳ ಎದುರು ಕುಡಿಯುವುದಾ?" ಎಂದರು. ಬಾಟಲಿ ಒಳಗೆ ಹೋಯಿತು. ಮರುಸಂಜೆಯೂ ಹೊರಗೆ ಬರಲಿಲ್ಲ.

ಶನಿವಾರ ಮನೆಯಲ್ಲಿ ಭಜನೆ. ಊರ ಕಡೆಯ ಹೆಂಗಸರು ತಾಳ ಹಿಡಿದು ಬಂದರು. ಮಂಗಳ ಹಾಡುವ ಮೊದಲು ಹಿರಿಯರಾದ ಶ್ರೀಮತಿಯಕ್ಕ ಗೋಡೆ ನೋಡಿದರು. "ಜಯಶೀಲಣ್ಣ, ನಿಮ್ಮ ಗುರುಗಳದ್ದೂ ಒಂದು ಹಾಕಿ. ಎದುರಲ್ಲೇ ಕೂತು ಅವರದ್ದು ಮಾತ್ರ ಬಿಡುವುದು ಸರಿಯಲ್ಲ."

ಶೆಟ್ಟರು ಪ್ಲೇಯರಿಗೆ ಒಂದು ರೆಕಾರ್ಡು ಹಾಕಿ ಮುಳ್ಳು ಇಳಿಸಿದರು. ಗಿಟಾರು ಗೋಳಿಟ್ಟಿತು, ಡ್ರಮ್ಮು ಗುಡುಗಿತು, ಹಾಡಿನ ನಡುವೆ ಯಾರೋ ಟೇಪನ್ನು ಹಿಂದುಮುಂದಾಗಿ ಓಡಿಸಿದ ಸದ್ದು ಬಂತು. ಹೆಂಗಸರಲ್ಲಿ ಒಬ್ಬರಾದ ಸುಗುಣಕ್ಕ ಸ್ವಲ್ಪ ಹೊತ್ತು ಲಯ ಹುಡುಕಾಡಿ, ಸಿಕ್ಕ ಮೇಲೆ ಗಂಭೀರವಾಗಿ ತಾಳ ಹಾಕಿದರು. ಮಿಕ್ಕವರು ಕಣ್ಣು ಮುಚ್ಚಿ ಕೂತರು. ಯಾರೂ ನಗಲಿಲ್ಲ.

ರೆಕಾರ್ಡು ನಿಂತಾಗ ಶ್ರೀಮತಿಯಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡರು. "ಪಾಪ, ಆ ಮಕ್ಕಳು ಎಂತದೋ ಹುಡುಕ್ತಾ ಇದ್ದಾರೆ. ಸಿಗಲಿಲ್ಲ ಕಾಣ್ತದೆ."

ಇಷ್ಟು ವರ್ಷ ಈ ಹಾಡುಗಳಲ್ಲಿ ಶೆಟ್ಟರು ಕೇಳಿದ್ದೂ ಅದನ್ನೇ, ಹೇಳಲು ಬಾರದೆ ಉಳಿದದ್ದೂ ಅದೇ. ಇಂಥವರ ಮುಂದೆ ಸುಳ್ಳು ತೂಗುಹಾಕಿದ್ದಕ್ಕೆ ಅವರಿಗೆ ನಾಚಿಕೆಯಾಯಿತು. ಪಂಚಕಜ್ಜಾಯ ತಿಂದು ಹೆಂಗಸರು ಹೊರಟ ಕೂಡಲೇ ಅಡುಗೆಮನೆಗೆ ಹೋದರು.

"ಪ್ರಫುಲ್ಲಾ, ಆ ಮನುಷ್ಯ ಗುರುವಲ್ಲ. ಅಮಲಿನ ಮದ್ದು ತಗೊಳ್ಳಿ ಅಂತ ಊರೆಲ್ಲ ಸಾರಿದವ. ಈ ಹಾಡುಗಳು ಹುಟ್ಟಿದ್ದೂ ಆ ಅಮಲಿನಲ್ಲೇ. ಫೋಟೋ ತೆಗೆದುಬಿಡುವ."

ಪ್ರಫುಲ್ಲಾ ಪಾತ್ರೆ ತೊಳೆಯುವುದನ್ನು ನಿಲ್ಲಿಸಲಿಲ್ಲ. "ಗೊತ್ತುಂಟು. ನಮ್ಮ ಸಮಿತ್ ಅವತ್ತೇ ಮೊಬೈಲಿನಲ್ಲಿ ತೋರಿಸಿದ. 'ಮಮ್ಮಿ, ಯೇ ತೋ ನಶೇವಾಲಾ ಬಾಬಾ ಹೈ' ಅಂದ."

"ಗೊತ್ತಿದ್ದೂ ಮಾಲೆ ಹಾಕಿದೆಯಾ?"

"ಮತ್ತೆಂತ ಮಾಡುವುದು? ನಾನು ಹೇಳಿದೆ, ಡಾಕ್ಟ್ರು ಹೇಳಿದ್ರು, ಹೆತ್ತ ಮಗ ಹೇಳಿದ. ನೀವು ಬಾಟ್ಲಿ ಬಿಡಲಿಲ್ಲ. ಇವರು ಬಾಯಿ ತೆರೆಯದೆ ಒಂದೇ ವಾರದಲ್ಲಿ ಬಿಡಿಸಿದ್ರು. ಲೋಕಕ್ಕೆ ಎಂತ ಕೊಟ್ರೋ ನಂಗೆ ಬೇಡ. ನನ್ನ ಪಾಲಿಗೆ ಇವರು ಗುರುಗಳೇ."

ಕೈ ಒರೆಸಿಕೊಂಡು ಬಂದು ಅವರು ಕವರಿನ ಮೇಲಿನ ಬಾಡಿದ ಹೂವು ತೆಗೆದರು. "ಬರುವ ಶನಿವಾರಕ್ಕೆ ಬೇರೆ ರೆಕಾರ್ಡ್ ತೆಗೆದಿಡಿ. ಇವತ್ತಿನದ್ದರಲ್ಲಿ ಆ ಡ್ರಮ್ಮಿನವನಿಗೆ ಸ್ವಲ್ಪ ಅವಸರ."

ಶೆಟ್ಟರು ಪೆಟ್ಟಿಗೆಯ ಮುಂದೆ ಕೂತು ಹುಡುಕತೊಡಗಿದರು. ಗಂಟಲು ಒಣಗಿತ್ತು. ಪ್ರಫುಲ್ಲಾ ಒಂದು ಲೋಟ ಮಜ್ಜಿಗೆ ತಂದಿಟ್ಟು, ಪಕ್ಕದಲ್ಲೇ ಕೂತರು.