ಹಲಸಿನ ಮರದ ಹತ್ತಿರ ಎಡಕ್ಕೆ

ಬರೆದಿಟ್ಟದ್ದು ಸುಳ್ಳಾಗಲು ಯಾರೂ ಸುಳ್ಳು ಹೇಳಬೇಕಿಲ್ಲ. ಬರೆದವರು ಸುಮ್ಮನೆ ಕೂತರೆ ಸಾಕು. ನಮ್ಮದು ಶಿರಸಿ ಪೇಟೆಯಲ್ಲಿ, ಬೇಕರಿಯ ಮಹಡಿ ಮೇಲಿನ ಪುಟ್ಟ ಸಾಫ್ಟ್‌ವೇರ್ ಕಚೇರಿ. ಹಳ್ಳಿಯ ಹಾಲಿನ ಡೇರಿಗಳಿಗೆ ಲೆಕ್ಕ ಇಡುವ ಪ್ರೋಗ್ರಾಂ ಬರೆದುಕೊಡುತ್ತೇವೆ. ಕೋಡ್ ಬರೆಯುವುದೆಂದರೆ ನನಗೆ ಹಬ್ಬ. ಆ ಕೋಡ್ ಏನು ಮಾಡುತ್ತದೆಂದು ವಿವರಿಸುವ ಡಾಕ್ಯುಮೆಂಟ್ ತಿದ್ದುವುದೆಂದರೆ ಹಬ್ಬದ ಮರುದಿನ ಪಾತ್ರೆ ತಿಕ್ಕಿದ ಹಾಗೆ. ಕೆಳಗಿನಿಂದ ಬನ್ನಿನ ವಾಸನೆ ಬೇರೆ ಬರುತ್ತಿರುತ್ತದೆ, ಮನಸ್ಸು ಎಲ್ಲಿ ನಿಲ್ಲಬೇಕು? ಕಚೇರಿ ನಡೆಸುವ ಗಣಪಣ್ಣನನ್ನು ಕೇಳಿದರೆ, “ಅದೆಂತಕ್ಕೆ ತಿದ್ದದು ಮಾರಾಯ್ತಿ? ಎಲ್ಲರಿಗೂ ಗೊತ್ತಿದ್ದು” ಎಂದುಬಿಡುತ್ತಿದ್ದ. ಎಲ್ಲರೂ ಎಂದರೆ ಅವನು ಮತ್ತು ನಾನು.

ಆಗ ಹಾವೇರಿ ಕಡೆಯಿಂದ ಬಸವರಾಜ ಕೆಲಸಕ್ಕೆ ಸೇರಿದ. ಬರೆದದ್ದನ್ನು ಬರೆದ ಹಾಗೇ ಮಾಡುವ ಪುಣ್ಯಾತ್ಮ. ಸಿದ್ದಾಪುರದಾಚೆಯ ಡೇರಿಯೊಂದರಲ್ಲಿ ನಮ್ಮದೇ ಹಳೆಯ ಪ್ರೋಗ್ರಾಂ ಇತ್ತು, ಅದರ ಜಾಗದಲ್ಲಿ ಹೊಸದನ್ನು ಹಾಕಿ ಬಾ ಎಂದು ಡಾಕ್ಯುಮೆಂಟ್ ಕೊಟ್ಟು ಬೈಕಿನಲ್ಲಿ ಕಳಿಸಿದೆವು. ಡೇರಿಗೆ ಹೋಗುವ ದಾರಿಯನ್ನೂ ನಾನೇ ಅದರ ಕೊನೆಯಲ್ಲಿ ಬರೆದಿದ್ದೆ.

ಮಧ್ಯಾಹ್ನದ ಹೊತ್ತಿಗೆ ಅವನ ಫೋನು. “ಮೇಡಂ, ಹಲಸಿನ ಮರದ ಹತ್ರ ಎಡಕ್ಕ ಅಂತ ಬರದೀರಿ. ಅತ್ತಾಗ ಇತ್ತಾಗ ಅಡ್ಡಾಡಿ ಸಾಕಾತ್ರಿ. ಮರ ಎಲ್ಲೈತ್ರಿ?”

“ಅಯ್ಯೋ, ಆ ಮರ ಬಿದ್ದು ಎಷ್ಟೋ ವರ್ಷ ಆಯ್ತು! ಅದು ಬರೀ ತಿರುವಿನ ಹೆಸರು, ಎಲ್ಲರಿಗೂ...” ಎನ್ನುತ್ತಿದ್ದವಳಿಗೆ ತಟ್ಟನೆ ಡಾಕ್ಯುಮೆಂಟಿನ ಉಳಿದ ಸಾಲುಗಳು ನೆನಪಾದವು. ಇಲ್ಲದ ಮರವನ್ನು ಇಷ್ಟು ಶ್ರದ್ಧೆಯಿಂದ ಹುಡುಕುವವನು ಡಾಕ್ಯುಮೆಂಟಿನ ಮೊದಲ ಸಾಲನ್ನು ಬಿಟ್ಟಾನೆಯೇ? ‘ಮೊದಲು ಕ್ಲೀನ್ ಬಟನ್ ಒತ್ತಿ, ಪರೀಕ್ಷೆಗೆ ಹಾಕಿದ ಸುಳ್ಳು ಹೆಸರುಗಳು ಅಳಿಸಿಹೋಗುತ್ತವೆ.’ ಬರೆದಾಗ ಅದು ನಿಜವೇ. ಆಮೇಲೆ ಕೋಡ್ ಬದಲಿಸಿದ್ದೆವು. ಈಗ ಆ ಬಟನ್ ಒತ್ತಿದರೆ ಊರವರೆಲ್ಲ ಹಾಕಿದ ಹಾಲಿನ ಲೆಕ್ಕ ಪೂರ್ತಿ ಸ್ವಾಹಾ. ಬೇರೆ ಪ್ರತಿಯೂ ಇರಲಿಲ್ಲ.

“ಬಸವರಾಜ, ಕ್ಲೀನ್ ಬಟನ್ ಮುಟ್ಟಿದೆಯೇನೋ?”

“ಡೇರಿನೇ ಸಿಕ್ಕಿಲ್ರಿ ಮೇಡಂ, ಬಟನ್ ಎಲ್ಲಿಂದ ಮುಟ್ಲಿ?”

ಅಬ್ಬಾ! ಹೋದ ಜೀವ ಬಂತು. ಒಂದು ತಪ್ಪಿಗೆ ಇನ್ನೊಂದು ತಪ್ಪು ಅಡ್ಡ ಬಂದು ನನ್ನ ಮಾನ, ಊರಿನ ಹಾಲು ಎರಡೂ ಉಳಿದವು. ಪಕ್ಕದಲ್ಲೇ ಕೂತು ಎಲ್ಲ ಕೇಳಿಸಿಕೊಂಡಿದ್ದ ಗಣಪಣ್ಣ ಬಿಸಿ ಬನ್ನು ತರಿಸಿ, “ಆ ಮರಕ್ಕೊಂದು ಕಾಯಿ ಒಡೆಸವು” ಎಂದ. “ಮರ ಎಲ್ಲಿದ್ದು?” ಎಂದೆ.

ಅಂದೇ ಕೂತು ಡಾಕ್ಯುಮೆಂಟ್ ಪೂರ್ತಿ ತಿದ್ದಿದೆ. ಕೋಡ್ ಮುಟ್ಟಿದವರು ಅದೇ ದಿನ ಡಾಕ್ಯುಮೆಂಟನ್ನೂ ಮುಟ್ಟಬೇಕು, ಬಸವರಾಜ ಓದಿ ಒಪ್ಪಿದ ಮೇಲೆಯೇ ಅದು ಹೊರಗೆ ಹೋಗಬೇಕು ಎಂದು ನಿಯಮ ಮಾಡಿದೆವು. ಆಮೇಲೆ ನೆಮ್ಮದಿಯಾಗಿ ನಿದ್ದೆ ಬರತೊಡಗಿತು. ದಾರಿಯನ್ನೂ ತಿದ್ದಿದ್ದೆ: ‘ಹಳದಿ ಬಸ್ ತಂಗುದಾಣದ ಹತ್ತಿರ ಎಡಕ್ಕೆ.’

ಮೊನ್ನೆ ಅದೇ ಡೇರಿಗೆ ಯಂತ್ರ ಒಯ್ಯುತ್ತಿದ್ದ ಸಿದ್ದಾಪುರದ ವ್ಯಾನಿನವರಿಗೆ ಬಸವರಾಜ ಫೋನಿನಲ್ಲಿ ದಾರಿ ಹೇಳುತ್ತಿದ್ದ: “ಹಲಸಿನ ಮರದ ಹತ್ರ ಎಡಕ್ಕ ಹೊಳ್ಳ್ರಿ.”

“ಏ ಮಾರಾಯಾ, ನಾನು ತಿದ್ದಿದ್ದು ಓದಲಿಲ್ಲವೇನೋ?” ಎಂದೆ.

“ಓದೇನ್ರಿ ಮೇಡಂ. ನಿಮ್ಮ ಹಳದಿ ತಂಗುದಾಣಕ್ಕ ಹ್ವಾದ ತಿಂಗಳ ನೀಲಿ ಬಣ್ಣ ಹೊಡದಾರ್ರೀ,” ಎಂದ. “ಮರಾನೇ ಗಟ್ಟಿ. ಅದು ಎಲ್ಲಾರಿಗೂ ಗೊತ್ತೈತಿ.”