ಸಾಕ್ಷಿಗೆ ಬಂದ ಗಂಡ

ಇಸ್ತ್ರಿ ಅಕ್ಕ ನಿಂತಲ್ಲೇ ತೂಕಡಿಸಿದ್ದು ಒಂದೇ ಗಳಿಗೆ. ಅಷ್ಟರಲ್ಲಿ ವಕೀಲರ ಬಿಳಿ ಅಂಗಿಯ ಬೆನ್ನ ಮೇಲೆ ಇಸ್ತ್ರಿಪೆಟ್ಟಿಗೆ ಕಂದುಬಣ್ಣದ ದೋಣಿಯೊಂದನ್ನು ಬರೆದುಬಿಟ್ಟಿತ್ತು.

"ಇನ್ನೊಂದು ಸುಟ್ಟರೆ ನೀನು ಬರೋದೇ ಬೇಡಮ್ಮ," ಎಂದ ಅಂಗಡಿಯ ಯಜಮಾನ. "ಈಗ್ಲೇ ಹೋಗಿ ಡಾಕ್ಟ್ರಿಗೆ ತೋರಿಸ್ಕೋ."

ತೋರಿಸಿಕೊಳ್ಳದೆ ಏನು? ಅವಳ ಥೈರಾಯ್ಡ್ ಕೈಕೊಟ್ಟು ವರ್ಷಗಳೇ ಆಗಿದ್ದವು. ದಿನಾ ನುಂಗುವ ಮಾತ್ರೆ ಈಚೆಗೆ ಸಾಲುತ್ತಿಲ್ಲವೆಂದು ಮೈಯೇ ಕೂಗಿ ಹೇಳುತ್ತಿತ್ತು. ಕಾದ ಇಸ್ತ್ರಿಯ ಪಕ್ಕದಲ್ಲೂ ಚಳಿ, ಬಾಚಿದರೆ ಬಾಚಣಿಗೆ ತುಂಬ ಕೂದಲು. ಒಂದು ರಕ್ತಪರೀಕ್ಷೆ ಮಾಡಿಸಿ ಎಂದು ಕಳೆದ ಸಲ ಬೇಡಿಕೊಂಡಾಗ ಡಾಕ್ಟರು, "ಚೆನ್ನಾಗೇ ಇದ್ದೀರಲ್ಲ, ತೂಕ ಇಳಿಸಿ," ಎಂದು ಮುಂದಿನವರನ್ನು ಕರೆದಿದ್ದರು.

"ತಪ್ಪು ನಿಂದೇ ಕಣೇ," ಎಂದಳು ಪಕ್ಕದ ಮನೆಯಾಕೆ. ಓಣಿಯ ಸುದ್ದಿಯನ್ನೆಲ್ಲ ಬಿತ್ತರಿಸುವ ಆಕೆಗೆ ರೇಡಿಯೊ ಚಿಕ್ಕಮ್ಮ ಎಂದೇ ಹೆಸರು. "ಗರಿಗರಿ ಬಟ್ಟೇಲಿ ಹೋದ್ರೆ ಕಾಯಿಲೆ ಅಂತ ಯಾರು ನಂಬ್ತಾರೆ? ಮುದುಡಿದ್ದು ಹಾಕ್ಕೋ. ತಲೆ ಬಾಚ್ಬೇಡ. ಸಾಕ್ಷಿಗೆ ಗಂಡನ್ನ ಕರ್ಕೊಂಡು ಹೋಗು."

ಇಸ್ತ್ರಿ ಮಾಡುವವಳಿಗೆ ಮುದುಡಿದ ಬಟ್ಟೆಯೆಂದರೆ ಬೀದಿಯಲ್ಲಿ ಮಾನ ಕಳೆದುಕೊಂಡ ಹಾಗೆ. ಆದರೂ ಹಾಕಿಕೊಂಡಳು. ರಾತ್ರಿಪಾಳಿ ಮುಗಿಸಿ ಮಲಗಿದ್ದ ಗಂಡನನ್ನು ಎಬ್ಬಿಸಿ ಹೊರಡಿಸಿದಳು.

"ಸುಸ್ತು, ಚಳಿ, ಕೂದಲು. ಮೂರೂ ಹೇಳ್ಬೇಕು ಕಣ್ರೀ."

"ಎಷ್ಟು ಸಲ ಹೇಳ್ತೀಯೆ? ನಾನೇನು ಮಗೂನಾ?"

ಡಾಕ್ಟರು ಅವಳ ಕೆದರಿದ ತಲೆಯನ್ನು ನೋಡಿ ಮುಖ ಸಿಂಡರಿಸಿದರು.

"ಇವಳಿಗೆ ತುಂಬಾ ಸುಸ್ತು ಸಾರ್," ಎಂದು ಶುರುಮಾಡಿದ ಗಂಡ, ಗುಹೆಯಂತೆ ಬಾಯಿ ತೆರೆದು ಆಕಳಿಸಿದ.

ಡಾಕ್ಟರು ಪೆನ್ನು ಕೆಳಗಿಟ್ಟರು. "ನಿಮ್ಮ ಕಣ್ಣು ಯಾಕ್ರೀ ಇಷ್ಟು ಕೆಂಪಗಿದೆ? ಮನೇಲಿ ಇಂಥವರನ್ನ ಇಟ್ಕೊಂಡು ನೀವು ಹೇಗಿದ್ದೀರಿ?"

ಅವನನ್ನು ಹಾಗೆ ಯಾರೂ ಕೇಳಿರಲಿಲ್ಲ. ಕಟ್ಟೆ ಒಡೆಯಿತು. ಮಂಡಿನೋವು, ಹುಳಿತೇಗು, ಚಿಕ್ಕಂದಿನಲ್ಲಿ ಮರದಿಂದ ಬಿದ್ದದ್ದು, ಎಲ್ಲ ಬಂತು.

"ಸಾರ್, ರೋಗಿ ನಾನು..."

"ಸುಮ್ನಿರಮ್ಮ, ಅವರು ಮಾತಾಡ್ತಿಲ್ವಾ?"

ಗಂಡನ ತೋಳಿನಿಂದ ರಕ್ತ ತೆಗೆದರು. "ಯಾವುದಕ್ಕೂ ಥೈರಾಯ್ಡೂ ನೋಡಿಬಿಡೋಣ," ಎಂದರು ಡಾಕ್ಟರು. ಇಸ್ತ್ರಿ ಅಕ್ಕ ಆ ಸೂಜಿಯನ್ನೇ ನೋಡುತ್ತ ಕುಳಿತಳು, ಪಕ್ಕದ ಎಲೆಗೆ ಬಡಿಸಿದ ಊಟ ನೋಡುವವಳಂತೆ.

ಸಂಜೆ ಫಲಿತಾಂಶ ಬಂತು.

"ಎಲ್ಲಾ ಸರಿಯಾಗಿದೆ," ಎಂದ ಡಾಕ್ಟರ ಹುಬ್ಬು ಗಂಟಿಕ್ಕಿತು. "ನನಗೆ ಅದೇ ಚಿಂತೆ. ಒಳಗೆಲ್ಲೋ ಏನೋ ಅಡಗಿದೆ. ಪೂರ್ತಿ ವಿಶ್ರಾಂತಿ ತಗೊಳ್ಳಿ. ನಾಳೆ ದೊಡ್ಡ ಆಸ್ಪತ್ರೆಗೆ ಹೋಗಿ." ಆಮೇಲೆ ಅವಳತ್ತ ತಿರುಗಿದರು. "ನೀವು ತೂಕ ಇಳಿಸಿ. ಇವರನ್ನ ನೋಡ್ಕೊಳ್ಳೋಕೆ ಮೈಯಲ್ಲಿ ಚುರುಕು ಬೇಡವೇ?"

ಅವರು ಮನೆ ಮುಟ್ಟುವ ಮೊದಲೇ ರೇಡಿಯೊ ಚಿಕ್ಕಮ್ಮ ಸುದ್ದಿ ಬಿತ್ತರಿಸಿಯಾಗಿತ್ತು. ಅಂಗಡಿಯ ಯಜಮಾನ ಹಣ್ಣಿನ ಚೀಲ ಹಿಡಿದು ಬಾಗಿಲಲ್ಲೇ ನಿಂತಿದ್ದ.

"ಪಾಪ, ಗಂಡನಿಗೆ ಹೀಗಾಯ್ತಂತೆ! ಅಂಗಡಿ ಯೋಚ್ನೆ ಬಿಡಮ್ಮ, ಬೇರೆಯವಳನ್ನ ಗೊತ್ತುಮಾಡಿದೆ. ನೀನು ಅವನ ಪಕ್ಕದಲ್ಲಿರು."

ಇಸ್ತ್ರಿ ಅಕ್ಕ ನಡುಗುತ್ತ ಒಳಗೆ ಬಂದು, ಮನೆಯಲ್ಲಿದ್ದ ಒಂದೇ ದಪ್ಪ ಹೊದಿಕೆಯನ್ನು ಸುತ್ತಿಕೊಂಡು ಗೋಡೆಗೆ ಒರಗಿದಳು.

"ಲೇ," ಎಂದ ಗಂಡ ಹಾಸಿಗೆಯಿಂದ, ಕ್ಷೀಣದನಿಯಲ್ಲಿ. "ನಂಗೂ ಯಾಕೋ ಚಳಿ ಅನ್ಸುತ್ತೆ ಕಣೇ."

ಅವಳು ಹೊದಿಕೆ ಬಿಚ್ಚಿ ಅವನಿಗೆ ಹೊದಿಸಿದಳು. ಕೈ ತನ್ನಷ್ಟಕ್ಕೆ ಅದರ ಸುಕ್ಕುಗಳನ್ನು ಸವರಿ ಸರಿಮಾಡಿತು.