ದೊರೆಸಾನಿಯ ನಿದ್ದೆಸೋರಿಕೆ ಮತ್ತು ಸೋಫಾ ಸಂರಕ್ಷಣೆ ಕುರಿತು

ಸಂಖ್ಯೆ: ಆಡಳಿತ/ನಾಯಿ/ಒದ್ದೆ/೭

ವಿಷಯ: ಸಂತಾನಹರಣ ಶಸ್ತ್ರಚಿಕಿತ್ಸೆಯಾದ ಕಚೇರಿ ನಾಯಿ ದೊರೆಸಾನಿಯು ನಿದ್ದೆಯಲ್ಲಿ ಮೂತ್ರ ಸೋರಿಸುವ ಬಗ್ಗೆ.

ಉಲ್ಲೇಖ: ೧. ಅಧೀಕ್ಷಕರ ಪ್ಯಾಂಟು (ಹಿಂಭಾಗ). ೨. ಪಶುವೈದ್ಯೆಯ ಮೌಖಿಕ ಅಭಿಪ್ರಾಯ.

ದೊರೆಸಾನಿಯು ಮಲಗಿ ಎದ್ದ ಸೋಫಾದ ಮೇಲೆ ಅಧೀಕ್ಷಕರು ಕುಳಿತು, ಅಲ್ಲಿಂದ ನೇರವಾಗಿ ಮೇಲಧಿಕಾರಿಗಳ ಸಭೆಗೆ ತೆರಳಿದ್ದು ಸರಿಯಷ್ಟೆ. ಬಾಗಿಲಲ್ಲಿ ನಿಂತಿದ್ದ ಚಾಲಕನು "ಸಾರ್, ಹಿಂದೆ ಒದ್ದೆ!" ಎಂದು ಕೂಗಿದ್ದರಿಂದ ಇಲಾಖೆಯ ಘನತೆಗೆ ಧಕ್ಕೆಯಾಗಿರುತ್ತದೆ. ಮೊದಲು ಚಾವಣಿಯನ್ನೂ ಆಮೇಲೆ ನೀರಿನ ಕ್ಯಾನಿನವನನ್ನೂ ಶಂಕಿಸಲಾಯಿತು. ನಿಜ ತಿಳಿದ ಮೇಲೆ ದೊರೆಸಾನಿಯನ್ನು ಗೇಟಿನಾಚೆ ಕಟ್ಟಿಹಾಕಲು ಆದೇಶಿಸಲಾಯಿತು. ಮರಿಯಾಗಿದ್ದಾಗಿನಿಂದ ಕಚೇರಿಯೊಳಗೇ ಬೆಳೆದವಳು ಊಟ ಬಿಟ್ಟು, ಗೋಡೆಗೆ ಮುಖ ಮಾಡಿ ಕುಳಿತಳು. ಇದನ್ನು ನೋಡಲಾರದೆ ಬೆರಳಚ್ಚುಗಾರ್ತಿ ಅಕ್ಕನವರು ಅವಳನ್ನು ಪಶುವೈದ್ಯೆಯ ಬಳಿ ಕರೆದೊಯ್ದರು. ವೈದ್ಯೆ ಪರೀಕ್ಷಿಸಿ, "ಆಪರೇಷನ್ ಆದ ಕೆಲವು ಹೆಣ್ಣುನಾಯಿಗಳಿಗೆ ಹೀಗಾಗುತ್ತಮ್ಮ. ಹಿಡಿತ ಸಡಿಲ ಆಗಿ ತಾನಾಗೇ ಸೋರುತ್ತೆ, ಅವಳಿಗೇ ಗೊತ್ತಾಗಲ್ಲ. ಇದಕ್ಕೆ ಮಾತ್ರೆ ಇದೆ. ಬೈಯೋವ್ರಿಗೆ ಮಾತ್ರ ನನ್ನ ಹತ್ರ ಔಷಧಿ ಇಲ್ಲ" ಎಂದಿರುತ್ತಾರೆ. ಆದ್ದರಿಂದ ಸಮಸ್ತ ಸಿಬ್ಬಂದಿಗೆ ಸೂಚಿಸುವುದೇನೆಂದರೆ:

೧. ಗೇಟಿನ ಆದೇಶವನ್ನು ರದ್ದುಪಡಿಸಲಾಗಿದೆ.

೨. ಅವಳ ನೀರಿನ ಬಟ್ಟಲನ್ನು ಎತ್ತಿಡತಕ್ಕದ್ದಲ್ಲ. ಎತ್ತಿಡುವುದನ್ನು ಉಳಿತಾಯ ಕ್ರಮವೆಂದು ಮಂಡಿಸಿದ ಲೆಕ್ಕಪತ್ರ ಶಾಖೆಯ ವಾದ ತಿರಸ್ಕೃತವಾಗಿದೆ.

೩. ಸೋಫಾದ ಮೇಲೆ ಒದ್ದೆ ಹೀರುವ ಹಾಸು ಹಾಕಿ, ದಿನವೂ ಒಗೆಯತಕ್ಕದ್ದು. ಒಣಗಲು ಹಾಕಿದ ಹಾಸನ್ನು ಇಲಾಖೆಯ ಬಾವುಟವೆಂದು ಭಾವಿಸಿ ಯಾರೂ ವಂದಿಸತಕ್ಕದ್ದಲ್ಲ.

೪. ಮಾತ್ರೆಯನ್ನು ಬಾಳೆಹಣ್ಣಿನಲ್ಲಿ ಹುದುಗಿಸಿ ಕೊಡತಕ್ಕದ್ದು. ಸದರಿ ಹಣ್ಣನ್ನು ಈಗಾಗಲೇ ತಿಂದಿರುವ ಗುಮಾಸ್ತರು ಕೂಡಲೇ ವೈದ್ಯರನ್ನು, ಮನುಷ್ಯರ ವೈದ್ಯರನ್ನು, ಕಾಣತಕ್ಕದ್ದು.

೫. ಮಲಗುವ ಮುನ್ನ ಅವಳನ್ನು ಅಂಗಳಕ್ಕೆ ಕರೆದೊಯ್ಯತಕ್ಕದ್ದು. ಸೂಕ್ತ ಗಿಡದ ಆಯ್ಕೆಯಲ್ಲಿ ಅವಳ ತೀರ್ಮಾನವೇ ಅಂತಿಮ, ಮೇಲ್ಮನವಿಗೆ ಅವಕಾಶವಿರುವುದಿಲ್ಲ.

೬. ಹಾಸು ಒದ್ದೆಯಾದರೆ ಅವಳ ಎದುರಿನಲ್ಲಿ ಮೂಗು ಮುಚ್ಚಿಕೊಳ್ಳತಕ್ಕದ್ದಲ್ಲ. ಪಡಸಾಲೆಗೆ ಹೋಗಿ ಮುಚ್ಚಿಕೊಳ್ಳಬಹುದು.

ಮಾತ್ರೆ ಹಿಡಿಸಿದ್ದು, ಸೋಫಾ ಈಗ ಒಣಗಿರುತ್ತದೆ. ಅಧೀಕ್ಷಕರು ಖುದ್ದಾಗಿ ಗೇಟಿಗೆ ಹೋಗಿ, ಹಗ್ಗ ಬಿಚ್ಚಿ, "ಬಾರೇ ತಾಯಿ, ನಂದೇ ತಪ್ಪು" ಎಂದು ಕಣ್ಣೊರೆಸಿಕೊಂಡದ್ದನ್ನು ಸಿಬ್ಬಂದಿಯಲ್ಲಿ ಯಾರೂ ಕಿಟಕಿಯಿಂದ ನೋಡಿರುವುದಿಲ್ಲವೆಂದು ಈ ಮೂಲಕ ದೃಢೀಕರಿಸಲಾಗಿದೆ.

ಸಹಿ/-
ಅಧೀಕ್ಷಕರು

ಪ್ರತಿಗಳು:
೧. ನೀರಿನ ಕ್ಯಾನಿನವನಿಗೆ, ವಿಷಾದಪೂರ್ವಕವಾಗಿ.
೨. ಚಾಲಕನಿಗೆ, ಇನ್ನು ಮುಂದೆ ಕಿವಿಯಲ್ಲಿ ಹೇಳುವಂತೆ.
೩. ದೊರೆಸಾನಿಗೆ. ಓದಿ ಹೇಳಲಾಯಿತು, ಎರಡನೇ ಕಲಮಿಗೇ ನಿದ್ದೆ ಹೋಗಿರುತ್ತಾಳೆ.